ಮನೆಯವರಿಗೂ ಬಟವಾಡೆ

ಬಳ್ಳಾರಿಯ ಕೌಲ್‌ಬಜಾರ್ ಕಡೆ ಜೀನ್ಸ್ ಹೊಲಿಯುವ ಯಾವುದಾದರೂ ಸಣ್ಣ ಯೂನಿಟ್ಟಿಗೆ ಹೋಗಿ, ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಮಾಲೀಕರನ್ನು ಕೇಳಿ. ಅವರು ಹೇಳುವ ಲೆಕ್ಕಕ್ಕೂ ಒಳಗೆ ಕೂತವರ ತಲೆ ಎಣಿಸಿದರೆ ಸಿಗುವ ಲೆಕ್ಕಕ್ಕೂ ಎರಡು ಮೂರು ಜನರ ವ್ಯತ್ಯಾಸ ಇರುತ್ತದೆ. ಆ ಎರಡು ಮೂರು ಜನ ಮನೆಯವರು. ಹೆಂಡತಿ, ತಮ್ಮ, ಊರಿಂದ ಬಂದ ಅಕ್ಕನ ಮಗ. ಅವರು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಶಟರ್ ಎತ್ತುತ್ತಾರೆ, ರಾತ್ರಿ ಎಲ್ಲರೂ ಹೋದ ಮೇಲೆ ಕಸ ಗುಡಿಸಿ ದೀಪ ಆರಿಸುತ್ತಾರೆ. ಶನಿವಾರ ಬಟವಾಡೆ ಆಗುವಾಗ ಮಾತ್ರ ಅವರ ಹೆಸರು ಕೂಗುವುದಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಆ ಸಾಲಿನವಳೇ. ಮನೆಯ ಕೆಳಗಿನ ಹಾಲಿನಲ್ಲಿ ಮಷೀನುಗಳು, ಮೇಲೆ ನಮ್ಮ ಸಂಸಾರ. ಕಟಿಂಗ್ ಮಾಸ್ಟರ್ ಕೊಟ್ಟ ಬಂಡಲ್‌ಗಳಿಗೆ ನಂಬರ್ ಹಾಕುವುದು, ಹೊಲಿಗೆ ಮುಗಿದ ಪ್ಯಾಂಟುಗಳ ದಾರ ಕತ್ತರಿಸುವುದು, ಚೆಕಿಂಗ್, ವಾಷಿಂಗ್‌ಗೆ ಕಳಿಸಿದ ಮಾಲು ವಾಪಸ್ ಬಂದಾಗ ಎಣಿಸಿಕೊಳ್ಳುವುದು, ಪ್ಯಾಕಿಂಗ್. ಪಗಾರದ ಪುಸ್ತಕ ಬರೆಯುತ್ತಿದ್ದವಳೂ ನಾನೇ. ಯಾರು ಎಷ್ಟು ಪಾಕೆಟ್ ಹೊಲಿದರು, ಯಾರು ಎಷ್ಟು ಬೆಲ್ಟ್ ಹಾಕಿದರು, ಎಲ್ಲ ನನ್ನ ಕೈಬರಹದಲ್ಲಿತ್ತು. ಅದರಲ್ಲಿ ನನ್ನ ಹೆಸರು ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಬರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯಲ್ಲಿ ನನ್ನಂಥವರಿಗೆ ಒಂದು ಜಾಗವಿದೆ ಎಂದು ಬಹಳ ತಡವಾಗಿ ತಿಳಿಯಿತು. ಮನೆಯ ಉದ್ದಿಮೆಯಲ್ಲಿ ಸಂಬಳವಿಲ್ಲದೆ ದುಡಿಯುವವರನ್ನು ಅಲ್ಲಿ ‘ಸಹಾಯಕರು’ ಎಂದು ಗುರುತಿಸಿ ಸ್ವಯಂ ಉದ್ಯೋಗಿಗಳ ಗುಂಪಿಗೆ ಸೇರಿಸುತ್ತಾರೆ. ಕೈಗೆ ಒಂದು ರೂಪಾಯಿ ಬಾರದವಳು ಸ್ವಯಂ ಉದ್ಯೋಗಿ. ಇದನ್ನು ನಾನು ಒಪ್ಪಲಾರೆ. ಆದಾಯ ತೆರಿಗೆ ಕಾಯ್ದೆಯಂತೂ ಹೆಂಡತಿಯ ದುಡಿಮೆಯನ್ನು ಅನುಮಾನದಿಂದಲೇ ನೋಡುತ್ತದೆ. ಗಂಡನ ವ್ಯವಹಾರದಿಂದ ಹೆಂಡತಿಗೆ ಸಂಬಳ ಕೊಟ್ಟರೆ ಅದನ್ನು ಗಂಡನ ಆದಾಯಕ್ಕೇ ಸೇರಿಸಬೇಕು. ಅವಳ ತಾಂತ್ರಿಕ ಅಥವಾ ವೃತ್ತಿಪರ ಜ್ಞಾನ, ಅನುಭವದಿಂದಲೇ ಬಂದ ಸಂಬಳವಾದರೆ ಮಾತ್ರ ವಿನಾಯಿತಿ. ಚೆಕಿಂಗ್ ಮೇಜಿನ ಮೇಲೆ ಕಣ್ಣು ಸವೆಸಿದ್ದು ವೃತ್ತಿಜ್ಞಾನ ಎಂದು ಯಾವ ಪ್ರಮಾಣಪತ್ರ ಹೇಳುತ್ತದೆ? ಕೊನೆಗೆ ನಾವಿಬ್ಬರೂ ಪಾಲುದಾರಿಕೆ ಪತ್ರ ಮಾಡಿಕೊಂಡೆವು. ಬ್ಯಾಂಕಿನಲ್ಲಿ ನನ್ನ ಸಹಿಯೂ ಸೇರಿತು. ಆಮೇಲೆ ಊರಿನಿಂದ ಯಾರು ಕೆಲಸಕ್ಕೆ ಬಂದರೂ ಮೊದಲ ದಿನವೇ ಅವರ ಹೆಸರು ಪುಸ್ತಕಕ್ಕೆ ಏರಬೇಕು ಎಂದು ಹಟ ಹಿಡಿದೆ.

ಹಾಗೆ ಮೊದಲು ಬಂದವನು ಸಿರುಗುಪ್ಪದ ನಮ್ಮ ಅಕ್ಕನ ಮಗ. ಭಾವನದು ನದಿ ಪಕ್ಕದ ಭತ್ತದ ಗದ್ದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪ ಕಡೆಯ ಮನೆಮನೆಯಲ್ಲೂ ಒಂದೇ ಆತಂಕ: ನೀರೆಲ್ಲ ಹರಿದುಹೋದರೆ ಎರಡನೇ ಬೆಳೆ ಏನಾಗಬೇಕು? ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಜಲಾಶಯಕ್ಕೆ ಮತ್ತೆ ನೀರೂ ಬಂತು. ಆದರೆ ಅಕ್ಕನ ಮನಸ್ಸಿನಲ್ಲಿ ಒಬ್ಬ ಮಗನಾದರೂ ಕಾಲುವೆ ನೀರನ್ನು ನಂಬದೆ ಬದುಕಲಿ ಎಂಬುದು ಗಟ್ಟಿಯಾಗಿತ್ತು. ಹುಡುಗನನ್ನು ಕರೆದುಕೊಂಡು ಬಂದವಳು ಹೇಳಿದ ಮಾತು ಇದು: “ಪಗಾರ ಗಿಗಾರ ಏನೂ ಬ್ಯಾಡ ತಂಗಿ. ಹೊಟ್ಟಿಗೆ ಹಾಕಿ ಕೆಲ್ಸ ಕಲ್ಸು, ಸಾಕು. ನಿನ್ ಮಗ ಅಂತ ತಿಳ್ಕೋ.”

ಈ ಮಾತಿನಲ್ಲಿ ಪ್ರೀತಿ ಇದೆ, ನಂಬಿಕೆ ಇದೆ. ಮುಂದೆ ಬರುವ ಜಗಳದ ಬೀಜವೂ ಅದರಲ್ಲೇ ಇದೆ. ಪಗಾರ ಬೇಡ ಎಂದು ಬಿಟ್ಟವರು ಲೆಕ್ಕ ಬಿಟ್ಟಿರುವುದಿಲ್ಲ. ಅದು ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ, ಒಂದು ದಿನ ಮದುವೆ ಖರ್ಚಾಗಿಯೋ ಸೈಟಿನ ದುಡ್ಡಾಗಿಯೋ ಎದ್ದುಬರುತ್ತದೆ. ಕೊಡುವವರಿಗೆ ಅದು ದಾನದಂತೆ ಕಾಣುತ್ತದೆ, ಕೇಳುವವರಿಗೆ ವರ್ಷಗಟ್ಟಲೆಯ ದುಡಿಮೆಯ ಬಾಕಿ. ಇಬ್ಬರ ಬಳಿಯೂ ಬರಹವಿಲ್ಲ. ನಮ್ಮ ಓಣಿಯಲ್ಲೇ ಅಣ್ಣತಮ್ಮಂದಿರ ಎರಡು ಯೂನಿಟ್‌ಗಳು ಹೀಗೆ ಒಡೆದದ್ದನ್ನು ಕಂಡಿದ್ದೇನೆ. ಅಕ್ಕನಿಗೆ ನಾನು ಹೇಳಿದ್ದು ಇಷ್ಟೆ: ಊಟ ಚಿಕ್ಕಮ್ಮನ ಲೆಕ್ಕ, ಪಗಾರ ಯೂನಿಟ್ಟಿನ ಲೆಕ್ಕ. ಎರಡನ್ನೂ ಕಲಸುವುದು ಬೇಡ. ಕಲಿಯುವಷ್ಟು ಕಾಲ ಹೆಲ್ಪರ್‌ಗಳಿಗೆ ಏನು ಕೊಡುತ್ತೇವೋ ಅದು, ಮಷೀನಿನ ಮೇಲೆ ಕೈ ಕುದುರಿದ ಮೇಲೆ ಉಳಿದವರ ಪೀಸ್ ರೇಟು. ಹಣ ಅವನ ಖಾತೆಗೇ. ಅಕ್ಕ ಸ್ವಲ್ಪ ಮುನಿಸಿಕೊಂಡಳು. ನಾವು ಅವಳ ಮಗನನ್ನು ಆಳಿನಂತೆ ನೋಡುತ್ತಿದ್ದೇವೆ ಅನ್ನಿಸಿರಬೇಕು.

ನಮ್ಮ ಯಜಮಾನರಿಗೂ ಒಂದು ಅಳುಕಿತ್ತು. ಅವನನ್ನೂ ಪುಸ್ತಕಕ್ಕೆ ಬರೆದರೆ ನಮ್ಮ ತಲೆಲೆಕ್ಕ 10 ಮುಟ್ಟುತ್ತದೆ; 10 ಮುಟ್ಟಿದರೆ ಇಎಸ್‌ಐ ಬರುತ್ತದೆ. ಮನೆಯವರನ್ನು ಲೆಕ್ಕದಿಂದ ಹೊರಗಿಡುವುದರ ಹಿಂದೆ ಮಮಕಾರಕ್ಕಿಂತ ಹೆಚ್ಚಾಗಿ ಈ ಗಣಿತವೇ ಇರುತ್ತದೆ, ಮುಚ್ಚಿಡುವುದೇಕೆ? ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಮಾಲೀಕರು ಶೇ 3.25, ಕೆಲಸಗಾರರು ಶೇ 0.75 ಕಟ್ಟಬೇಕು. ಕಟ್ಟಿದೆವು. ಓವರ್‌ಲಾಕ್ ಮಷೀನಿನಲ್ಲಿ ಕೂರುವ ಒಬ್ಬಾಕೆಯ ಹೆರಿಗೆ ರಜೆಗೆ ಅಲ್ಲಿಂದಲೇ ಹಣ ಬಂತು. ನಮ್ಮ ಹುಡುಗನ ಹೆಸರು ಬರೆದದ್ದರಿಂದ ಅವನಿಗಿಂತ ಮೊದಲು ಬೇರೆಯವರಿಗೆ ಒಳ್ಳೆಯದಾಯಿತು. ಸಂಬಂಧಿಕರಿಗೆ ಪಗಾರ ತೋರಿಸಿದರೆ ತೆರಿಗೆಯವರು ಬಿಡುವುದಿಲ್ಲ ಎಂದು ಹೆದರಿಸಿದವರೂ ಇದ್ದರು. ಕಾಯ್ದೆಯ ‘ಸಂಬಂಧಿ’ಗಳ ಪಟ್ಟಿಯಲ್ಲಿ ಗಂಡ, ಹೆಂಡತಿ, ಒಡಹುಟ್ಟಿದವರು, ನೇರ ವಂಶದ ಹಿರಿಯರು ಮತ್ತು ಮಕ್ಕಳು ಮೊಮ್ಮಕ್ಕಳಷ್ಟೇ ಇದ್ದಾರೆ, ಅಕ್ಕನ ಮಗ ಅದರಲ್ಲಿ ಬರುವುದೇ ಇಲ್ಲ. ಪಟ್ಟಿಯಲ್ಲಿ ಇರುವವರಿಗಾದರೂ ನಿಜವಾದ ಕೆಲಸಕ್ಕೆ ಪೇಟೆಯಲ್ಲಿ ನಡೆಯುವ ದರ ಕೊಟ್ಟರೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚು ತೋರಿಸಿದ ಭಾಗವನ್ನು ಅಧಿಕಾರಿ ಖರ್ಚೆಂದು ಒಪ್ಪದಿರಬಹುದು.

ಕಷ್ಟ ಬರುವುದು ಹಣ ಬಿಗಿಯಾದ ತಿಂಗಳಲ್ಲಿ. ನಮ್ಮದು ಉದ್ರಿ ಧಂದೆ. ಮಾಲು ಹೋಗುತ್ತದೆ, ಹಣ ತಿಂಗಳುಗಟ್ಟಲೆ ಬರುವುದಿಲ್ಲ. ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡ ಮಾಡಿದ ಖರೀದಿದಾರರಿಗೆ ಹಣ ಕೊಟ್ಟ ವರ್ಷದಲ್ಲಷ್ಟೇ ಆ ಖರ್ಚು ತೆರಿಗೆ ಲೆಕ್ಕಕ್ಕೆ ಸಿಗುತ್ತದೆ ಎಂಬ ನಿಯಮ 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಬಂದಿದೆ. ಹಾಗೆಂದು ಹಳೆಯ ಗಿರಾಕಿಗೆ ನಿಯಮ ಓದಿ ಹೇಳಿದರೆ ಮುಂದಿನ ಆರ್ಡರ್ ಪಕ್ಕದ ಓಣಿಗೆ ಹೋಗುತ್ತದೆ. ಆಗ ಶನಿವಾರದ ಗಲ್ಲಾದಲ್ಲಿ ಎಲ್ಲರಿಗೂ ಸಾಲದಷ್ಟೇ ದುಡ್ಡು ಇರುತ್ತದೆ. ಯಾರದನ್ನು ತಡೆಯುವುದು? ಕೈ ತಾನಾಗಿ ಮನೆಯವರ ಹೆಸರಿನ ಮೇಲೆ ಹೋಗುತ್ತದೆ. “ಅವನೆಲ್ಲಿ ಹೋಗ್ತಾನೆ, ಮುಂದಿನ ವಾರ ಕೊಟ್ರಾಯ್ತು” ಎಂಬ ಮಾತು ಬಾಯಿಗೆ ಬರುತ್ತದೆ. ಎಲ್ಲಿಗೂ ಹೋಗಲಾರದವನ ಪಗಾರವೇ ಮೊದಲು ನಿಲ್ಲುತ್ತದೆ. ಸಣ್ಣ ಧಂದೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಂಡಿಲ್ಲ. ಅದಕ್ಕೇ ನಮ್ಮಲ್ಲಿ ಮೊದಲು ಎಲ್ಲರ ಪಗಾರ, ಹುಡುಗನದ್ದೂ ಸೇರಿ. ಆಮೇಲೆ ಉಳಿದರೆ ನಾವು ಗಂಡ ಹೆಂಡತಿ ತೆಗೆದುಕೊಳ್ಳುವುದು. ಪಾಲುದಾರರು ನಾವು, ನಷ್ಟ ನಮಗೆ ಮೊದಲು ಬರಬೇಕು.

ಹುಡುಗ ಬಂದ ಮೇಲೆ ಇನ್ನೊಂದು ಬದಲಾವಣೆ ಕಾಣಿಸಿತು. ಚಹಾ ಹೊತ್ತಿನಲ್ಲಿ ಅವನು ಹೋಗಿ ಕೂತರೆ ಹೊಲಿಯುವವರ ಮಾತು ನಿಲ್ಲುತ್ತಿತ್ತು. ಮಾಲೀಕರ ಮನೆಯಲ್ಲಿ ಉಣ್ಣುವ ಹುಡುಗ, ಕೇಳಿದ್ದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಹೇಳುತ್ತಾನೆ ಎಂದು ಅವರ ಲೆಕ್ಕ. ಅವರ ಲೆಕ್ಕ ಸುಳ್ಳೂ ಆಗಿರಲಿಲ್ಲ, ಹುಡುಗ ಹೇಳುತ್ತಿದ್ದ. ಯಾರು ಬೇರೆ ಯೂನಿಟ್ಟಿಗೆ ಹೋಗುವ ಯೋಚನೆಯಲ್ಲಿದ್ದಾರೆ, ಯಾರು ಮುಂಗಡ ಪಡೆದು ಮೊಬೈಲ್ ಕೊಂಡರು, ಇಂಥವು. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಕೆಲಸಗಾರರು ಬಾಯಿ ಮುಚ್ಚಿದ ಯೂನಿಟ್ಟಿನಲ್ಲಿ ಮಾಲೀಕರಿಗೆ ನಿಜವಾಗಿ ತಿಳಿಯಬೇಕಾದ ಸಂಗತಿ ತಿಳಿಯುವುದಿಲ್ಲ: ಈ ಥಾನಿನ ಬಟ್ಟೆ ಎಳೆಯುತ್ತಿದೆ, ಆ ಮಷೀನು ಟಾಕಿ ಬಿಡುತ್ತಿದೆ ಎಂದು ಯಾರೂ ಎದ್ದು ಬಂದು ಹೇಳುವುದಿಲ್ಲ. ಊಟದ ತಟ್ಟೆಯ ಮುಂದೆ ಯೂನಿಟ್ಟಿನವರ ಸುದ್ದಿ ಬೇಡ ಎಂದು ನಾನೇ ಅವನಿಗೆ ಹೇಳಿದೆ. ಸ್ವಲ್ಪ ಕಾಲದ ನಂತರ ಅವನು ಕೆಳಗೆ ಉಳಿದವರ ಜೊತೆಗೇ ಬುತ್ತಿ ಬಿಚ್ಚತೊಡಗಿದ.

ಹೊಲಿಯುವವರಿಗೆ ಅವನ ಮೇಲೆ ಪೂರ್ತಿ ನಂಬಿಕೆ ಕುದುರಿದ್ದು ಒಂದು ಡ್ಯಾಮೇಜ್ ಲಾಟಿನಿಂದ. ಹೊಲಿಗೆಯ ತಪ್ಪು ಹೊಲಿಯುವಾಗ ಕಾಣುವುದಿಲ್ಲ. ವಾಷಿಂಗ್‌ನಲ್ಲಿ ಬಟ್ಟೆ ಉಜ್ಜಿ ತಿರುವಿದಾಗ ಬಾಯಿಬಿಡುತ್ತದೆ. ಅವನು ಹೊಲಿದ ಒಂದು ಲಾಟಿನ ಸೀಟ್ ಹೊಲಿಗೆಗಳು ಹಾಗೆ ಬಿಚ್ಚಿಕೊಂಡು ಬಂದವು. ಬೇರೆಯವರದ್ದಾದರೆ ಬಿಚ್ಚಿ ಮತ್ತೆ ಹೊಲಿದುಕೊಡಬೇಕು, ಅದಕ್ಕೆ ಪೀಸ್ ರೇಟು ಇಲ್ಲ, ಇದು ನಮ್ಮಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಎಲ್ಲರ ಕಣ್ಣೂ ನಮ್ಮ ಮೇಲಿತ್ತು. ಅವನು ಕೂತು ಬಿಚ್ಚಿದ, ಹೊಲಿದ. ಆವತ್ತಿನಿಂದ ಅವನನ್ನು ‘ಮಾಲೀಕರ ಹುಡುಗ’ ಎನ್ನುವುದು ನಿಂತಿತು. ಅಕ್ಕ ಮಾತ್ರ ಫೋನು ಮಾಡಿ, ಸ್ವಂತ ಮಗನಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದು ಕೇಳಿದಳು. ಮಾಡುತ್ತಿದ್ದೆ. ಅದನ್ನೇ ಹೇಳಿದೆ.

ಕುರುಗೋಡಿನಿಂದ ಬಂದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ದಾರ ಕತ್ತರಿಸುವುದರಿಂದ ಶುರುಮಾಡಿ ಚೆಕಿಂಗ್ ಮೇಜಿಗೆ ಬಂದಳು. ಈಗ ಅವಳ ಕಣ್ಣು ತಪ್ಪಿಸಿ ಒಂದು ಟಾಕಿ ಬಿಟ್ಟ ಹೊಲಿಗೆ ಹೊರಗೆ ಹೋಗುವುದಿಲ್ಲ. ಅವಳ ಪಗಾರದ ಬಗ್ಗೆ ಮೈದುನ ಅಣ್ಣನ ಹತ್ತಿರ ಮಾತಾಡಿಕೊಂಡಿದ್ದ: ಮನೆಮಂದಿ ತಾನೆ, ತನ್ನ ಕೈಗೇ ಕೊಟ್ಟುಬಿಡಿ, ಅಣ್ಣನ ಹತ್ತಿರ ತೆಗೆದುಕೊಂಡ ಕೈಗಡದಲ್ಲಿ ಮುರಿದುಕೊಂಡರೂ ಸರಿ. ಅವನ ಸಾಲಕ್ಕೆ ಅವಳ ದುಡಿಮೆ ಮುರಿಯುವುದು ಯಾವ ನ್ಯಾಯ? ಪುಸ್ತಕದಲ್ಲಿ ಸಹಿ ಅವಳದು, ಖಾತೆ ಅವಳದು, ಹಣವೂ ಅಲ್ಲಿಗೇ ಎಂದೆ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ಚೌಕಾಸಿಗೆ ಸಿದ್ಧಳಿರಲಿಲ್ಲ.

ಭಾನುವಾರ ಕೆಲಸವಿದ್ದರೆ ಅವಳ ಮಗನೂ ಜೊತೆಗೆ ಬರುತ್ತಿದ್ದ. ಏಳನೇ ಕ್ಲಾಸಿನ ಹುಡುಗ, ಚುರುಕು. “ದೊಡ್ಡಮ್ಮ, ನಾನೂ ದಾರ ಕಟ್ ಮಾಡ್ಲಾ?” ಎಂದು ಕತ್ತರಿ ಹಿಡಿದು ಕೂರುತ್ತಿದ್ದ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಬಿಟ್ಟಿದೆ. ಅಪಾಯವಿಲ್ಲದ ಕೆಲಸವಾದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಗು ಕುಟುಂಬದ ಉದ್ದಿಮೆಯಲ್ಲಿ ನೆರವಾಗಬಹುದು; ಕುಟುಂಬ ಎಂದರೆ ತಂದೆತಾಯಿ ಒಡಹುಟ್ಟಿದವರಷ್ಟೇ ಅಲ್ಲ, ತಂದೆತಾಯಿಯ ಅಣ್ಣತಮ್ಮ ಅಕ್ಕತಂಗಿಯರೂ ಸೇರುತ್ತಾರೆ. ಅಂದರೆ ದೊಡ್ಡಪ್ಪನ ಯೂನಿಟ್ಟೂ ಆ ಮಗುವಿನ ಕುಟುಂಬದ ಉದ್ದಿಮೆ. ಕಾನೂನು ಬಿಟ್ಟರೂ ನಾನು ಬಿಡಲಿಲ್ಲ. ಡೆನಿಮ್ ಕತ್ತರಿಸುವಾಗ ಏಳುವ ನೀಲಿ ಧೂಳು ಸಂಜೆ ಹೊತ್ತಿಗೆ ಮೂಗಿನೊಳಗೆಲ್ಲ ಕೂತಿರುತ್ತದೆ. ಈ ಭಾನುವಾರ ಆಟವಾಗಿದ್ದದ್ದು ಮುಂದಿನ ಸೀಜನ್‌ನಲ್ಲಿ ಕೆಲಸವಾಗುತ್ತದೆ. ಸಂಬಂಧದ ಹೆಸರಿನಲ್ಲಿ ಮಕ್ಕಳನ್ನು ಕೂರಿಸುವ ಈ ಸಡಿಲಿಕೆ ಹೋಗಬೇಕು ಎಂಬುದೇ ನನ್ನ ಅಭಿಪ್ರಾಯ. ಅವನನ್ನು ಮೇಲಿನ ಮನೆಗೆ ಕಳಿಸುತ್ತಿದ್ದೆ.

ಒಂದೇ ಬಳಗದವರನ್ನು ಹೆಚ್ಚು ಮಂದಿ ಇಟ್ಟುಕೊಳ್ಳುವುದರಲ್ಲಿ ಯಾರೂ ಮುಂಚಿತವಾಗಿ ಹೇಳದ ತೊಡಕೊಂದಿದೆ. ಅವರೆಲ್ಲರ ರಜೆಯೂ ಒಂದೇ ದಿನ ಬೀಳುತ್ತದೆ. ಒಂದು ಮದುವೆ, ಒಂದು ತಿಥಿ, ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಂದರೆ ಚೆಕಿಂಗ್‌ಗೂ ಜನವಿಲ್ಲ, ಸೀಟ್ ಹೊಲಿಯುವವನೂ ಇಲ್ಲ, ನಾವೂ ಇರುವ ಹಾಗಿಲ್ಲ. ಬಳಗದಲ್ಲಿ ಸಾವಾದರೆ ಮೂರು ದಿನ ಶಟರ್ ಎತ್ತುವ ಮಾತೇ ಇಲ್ಲ, ದಸರಾ ದೀಪಾವಳಿಯ ಆರ್ಡರ್ ತಲೆಯ ಮೇಲಿದ್ದರೂ. ಹಾಗಾಗಿ ಒಂದು ಮೇಜಿನ ಕೆಲಸ ಮನೆಯವರಿಗೆ ಗೊತ್ತಿದ್ದರೆ ಅದೇ ಕೆಲಸ ಹೊರಗಿನ ಒಬ್ಬರಿಗಾದರೂ ಗೊತ್ತಿರಬೇಕು ಎಂದು ಮಾಡಿಕೊಂಡೆವು. ನೆಗೆಣ್ಣಿಯೇ ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ಚೆಕಿಂಗ್ ಕಲಿಸಿದಳು. ತನ್ನ ಜಾಗ ಹೋದೀತು ಎಂಬ ಭಯ ಅವಳಿಗೆ ಇರಲಿಲ್ಲ. ಪಗಾರ ಬರಹದಲ್ಲಿದ್ದವರಿಗೆ ಆ ಭಯ ಕಡಿಮೆ.

ಹೀಗೆ ಬರೆದಿಡುವುದನ್ನು ಕಾನೂನೇ ಕಡ್ಡಾಯ ಮಾಡಿದ ದೇಶವೂ ಇದೆ. ಫ್ರಾನ್ಸ್ ದೇಶದಲ್ಲಿ ಸಣ್ಣ ಉದ್ದಿಮೆದಾರರ ಗಂಡನೋ ಹೆಂಡತಿಯೋ ಆ ಉದ್ದಿಮೆಯಲ್ಲಿ ನಿಯಮಿತವಾಗಿ ದುಡಿಯುತ್ತಿದ್ದರೆ ಅವರು ಸಹಯೋಗಿಯೋ, ಸಂಬಳದವರೋ, ಪಾಲುದಾರರೋ ಎಂದು ಘೋಷಿಸಲೇಬೇಕು. 2019ರ ಕಾನೂನಿನ ಪ್ರಕಾರ ಘೋಷಿಸದಿದ್ದರೆ ಸಂಬಳದವರೆಂದೇ ಪರಿಗಣಿಸುತ್ತಾರೆ. ಸಂಬಳವಿಲ್ಲದ ಸಹಯೋಗಿಯಾಗಿ ಇರುವುದಕ್ಕೂ 2022ರಿಂದ ಐದು ವರ್ಷಗಳ ಮಿತಿ ಇದೆ. ಇದನ್ನು ಓದಿದಾಗ ನಮ್ಮ ಓಣಿಯ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಿಂದ ಬಳ್ಳಾರಿಗೆ ಜೀನ್ಸ್ ಪಾರ್ಕ್ ಬರುವ ಮಾತು ನಡೆಯುತ್ತಿದೆ. ಬರಲಿ. ಯೂನಿಟ್‌ಗಳು ಮನೆಗಳ ಕೆಳಗಿನಿಂದ ಊರ ಹೊರಗಿನ ಶೆಡ್ಡುಗಳಿಗೆ ಹೋದಾಗ, ಒಲೆಯ ಮೇಲೆ ಅನ್ನ ಇಟ್ಟು ಕೆಳಗಿಳಿದು ದಾರ ಕತ್ತರಿಸುತ್ತಿದ್ದವರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಈಗಲೇ ಹೆಸರು ಬರೆಯದಿದ್ದರೆ ಆಗ ಅವರನ್ನು ಕೆಲಸಗಾರರೆಂದು ಒಪ್ಪುವವರು ಯಾರು?

ಅಕ್ಕನ ಮಗ ಈಗ ಸ್ವಂತ ಜಾಬ್ ವರ್ಕ್ ಶುರುಮಾಡಿದ್ದಾನೆ. ಮುದ್ರಾ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಕೇಳಿದ ಖಾತೆಯ ವಿವರದಲ್ಲಿ ಅವನ ಪಗಾರ ತಿಂಗಳು ತಪ್ಪದೆ ಕಾಣಿಸುತ್ತಿತ್ತು. ಸೆಕೆಂಡ್ ಹ್ಯಾಂಡ್ ಮಷೀನುಗಳನ್ನು ಹಾಕಿಕೊಂಡು ನಮ್ಮದೇ ಬಂಡಲ್‌ಗಳನ್ನು ಹೊಲಿಯಲು ಒಯ್ಯುತ್ತಾನೆ. ದರದ ಮಾತಿಗೆ ಕೂತಾಗ ಪೀಸಿಗೆ ಎರಡು ರೂಪಾಯಿ ಹೆಚ್ಚು ಕೇಳಿದ. ಅವನ ಚಿಕ್ಕಪ್ಪ ಒಂದು ಒಪ್ಪಿದರು. ವಾದ ಬಹಳ ಹೊತ್ತು ನಡೆಯಿತು; ದರವನ್ನು ಇಬ್ಬರೂ ಚೀಟಿಯ ಮೇಲೆ ಬರೆದು ಸಹಿ ಹಾಕಿದರು. ಅಕ್ಕನಿಗೆ ಫೋನು ಮಾಡಿ ತಿಳಿಸಿದವನು ಅವನೇ.