ಪಂಪಿನ ಗಾಳಿ ಟ್ಯಾಂಕು: ಪರೀಕ್ಷೆ ಮತ್ತು ಬದಲಾವಣೆ



ಮನೆಬಳಕೆಯ ಪ್ರೆಷರ್ ಪಂಪಿನ ಪಕ್ಕದಲ್ಲಿ ಕುಳಿತಿರುವ ದುಂಡು ಟ್ಯಾಂಕನ್ನು ನಮ್ಮಲ್ಲಿ ಅನೇಕರು ನೀರು ತುಂಬಿಡುವ ಪಾತ್ರೆಯೆಂದೇ ಭಾವಿಸಿದ್ದಾರೆ. ವಾಸ್ತವವಾಗಿ ಅದು ಗಾಳಿಯನ್ನು ಕೂಡಿಟ್ಟಿರುವ ಪಾತ್ರೆ. ಆ ಗಾಳಿ ಹೋಯಿತೆಂದರೆ ಮೋಟಾರು ಸುಡುವುದಕ್ಕೆ ಹೆಚ್ಚು ಕಾಲ ಹಿಡಿಯುವುದಿಲ್ಲ. ಮೋಟಾರಿಗೆ ತಾಮ್ರದ ತಂತಿ ಹೊಸದಾಗಿ ಸುತ್ತಿಸಿ ತಂದ ಮೂರೇ ತಿಂಗಳಲ್ಲಿ ಮತ್ತೆ ಸುಟ್ಟಿತೆಂದು ದೂರುವವರು ಮೊದಲು ಈ ಟ್ಯಾಂಕನ್ನು ನೋಡುವುದು ಒಳ್ಳೆಯದು.

ನೀರಿನ ಸಾಲಿನಲ್ಲಿ ಗಾಳಿ ಮಾಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ತಿಳಿಯಬೇಕಾದರೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ನೋಡಬೇಕು. ಅಲ್ಲಿ ನಮ್ಮ ಕಾಫಿ, ಅಡಿಕೆ ತೋಟಗಳಿಲ್ಲ; ಕಬ್ಬು, ದ್ರಾಕ್ಷಿ, ದಾಳಿಂಬೆಯ ಸೀಮೆ. ಮುಧೋಳದವರಿಗೆ ಘಟಪ್ರಭೆ, ಜಮಖಂಡಿಯವರಿಗೆ ಕೃಷ್ಣೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಜಮಖಂಡಿ ತಾಲ್ಲೂಕಿನ ರೈತರು ತಮ್ಮದೇ ಹಣ ಹಾಕಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ, ಅದನ್ನು ಶ್ರಮಬಿಂದು ಸಾಗರವೆಂದು ಕರೆದರು. ಸಹಕಾರಿಗಳಾದ ನಾವು ಈ ಹೆಸರನ್ನು ನೆನೆಯದೆ ಮುಂದೆ ಹೋಗಲಾರೆವು. ನದಿಯ ನೀರನ್ನು ಎತ್ತಿ ಕಿಲೋಮೀಟರುಗಟ್ಟಲೆ ಪೈಪಿನಲ್ಲಿ ಹೊಲಕ್ಕೆ ಒಯ್ಯುವುದು ಆ ಕಡೆ ರೂಢಿ.

ಇಂತಹ ಉದ್ದದ ಸಾಲಿನಲ್ಲಿ ಕರೆಂಟು ಥಟ್ಟನೆ ಹೋದರೆ ಏನಾಗುತ್ತದೆ? ಮೇಲಕ್ಕೆ ಓಡುತ್ತಿದ್ದ ನೀರು ನಿಂತು ಹಿಂದಕ್ಕೆ ಬಂದು, ಮುಚ್ಚಿಕೊಂಡ ನಾನ್ ರಿಟರ್ನ್ ವಾಲ್ವಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಒಮ್ಮೆಲೇ ನಿಂತರೆ ಪಿವಿಸಿ ಪೈಪಿನಲ್ಲಿ ಸುಮಾರು 40 ಮೀಟರ್ ಎತ್ತರದ ನೀರಿನಷ್ಟು, ಕಬ್ಬಿಣದ ಪೈಪಿನಲ್ಲಿ 100 ಮೀಟರಿನಷ್ಟು ಹೆಚ್ಚುವರಿ ಒತ್ತಡ ಬೀಳುತ್ತದೆ. ಪೈಪು ಸೀಳುವುದು ಹೀಗೆ. ದೊಡ್ಡ ಏತ ನೀರಾವರಿಗಳಲ್ಲಿ ಪಂಪುಮನೆಯ ಬಳಿ ಏರ್ ವೆಸೆಲ್ ಎಂಬ ಉಕ್ಕಿನ ಟ್ಯಾಂಕನ್ನು ಕೂರಿಸುತ್ತಾರೆ. ನೀರನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು; ಪೆಟ್ಟನ್ನೆಲ್ಲ ಅದರೊಳಗಿನ ಗಾಳಿ ನುಂಗಿಕೊಳ್ಳುತ್ತದೆ. ವಿದೇಶಗಳಲ್ಲಿ ಸಂಸಾರ ಸಮೇತ ಪ್ರವಾಸ ಹೋಗುವ ಮನೆ-ಬಸ್ಸುಗಳಲ್ಲಿ 12 ವೋಲ್ಟಿನ ಪುಟ್ಟ ಪಂಪಿಗೂ ಚೊಂಬಿನಷ್ಟು ಚಿಕ್ಕ ಟ್ಯಾಂಕು ಇರುತ್ತದೆ. ಗಾತ್ರ ಬೇರೆಯಾದರೂ ತತ್ತ್ವ ಒಂದೇ.

ಈಗ ನಮ್ಮ ಮನೆಯ ಟ್ಯಾಂಕಿಗೆ ಬರೋಣ. ಒಳಗೆ ಒಂದು ರಬ್ಬರ್ ಚೀಲವಿದೆ. ಚೀಲದೊಳಗೆ ನೀರು, ಚೀಲಕ್ಕೂ ಉಕ್ಕಿನ ಹೊದಿಕೆಗೂ ನಡುವೆ ಗಾಳಿ. ಪ್ರೆಷರ್ ಸ್ವಿಚ್ಚು 1.5 ಕೆ.ಜಿ. ಒತ್ತಡಕ್ಕೆ ಪಂಪನ್ನು ಚಾಲೂ ಮಾಡಿ 3 ಕೆ.ಜಿ.ಗೆ ನಿಲ್ಲಿಸುವಂತಿದ್ದು, ಟ್ಯಾಂಕು 24 ಲೀಟರಿನದಾಗಿ, ಗಾಳಿ 1.3 ಕೆ.ಜಿ. ಇದ್ದರೆ, ಪಂಪು ನಿಂತ ಮೇಲೆ ಸುಮಾರು 8 ಲೀಟರ್ ನೀರು ಪಂಪು ಓಡದೆಯೇ ನಲ್ಲಿಗೆ ಬರುತ್ತದೆ. 24 ಲೀಟರಿನ ಟ್ಯಾಂಕಿನಿಂದ 8 ಲೀಟರೇ ಎಂದು ಅಂಗಡಿಯವನನ್ನು ಬೈಯಬೇಡಿ, ಲೆಕ್ಕವೇ ಹಾಗೆ. ಗಾಳಿ ಸೋರಿಹೋದರೆ ಈ 8 ಲೀಟರ್ ಒಂದು ಲೋಟಕ್ಕೆ ಇಳಿಯುತ್ತದೆ. ಆಗ ನಲ್ಲಿ ತೆರೆದಿರುವಷ್ಟು ಹೊತ್ತೂ ಪಂಪು ಟಕ್ ಟಕ್ ಎಂದು ಕ್ಷಣಕ್ಕೊಮ್ಮೆ ಚಾಲೂ ಆಗಿ ನಿಲ್ಲುತ್ತದೆ. ಮೋಟಾರು ಪ್ರತಿ ಸಲ ಹೊರಡುವಾಗಲೂ ಮಾಮೂಲಿನ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ, ಸುಡದೆ ಇನ್ನೇನು?

ಪರೀಕ್ಷೆ ಸುಲಭ. ಟ್ಯಾಂಕಿನ ತುದಿಯಲ್ಲಿ ಸ್ಕೂಟರ್ ಟಯರಿನದೇ ರೀತಿಯ ವಾಲ್ವ್ ಇದೆ. ಅದರ ಪಿನ್ನನ್ನು ಉಗುರಿನಿಂದ ಒತ್ತಿರಿ. ನೀರು ಬಂದರೆ ಚೀಲ ಹರಿದಿದೆ. ಏನೂ ಬಾರದಿದ್ದರೆ ಗಾಳಿ ಮಾತ್ರ ಹೋಗಿದ್ದೀತು. ಗಾಳಿ ತುಂಬಿಸಿ ಒಂದು ವಾರ ನೋಡಿ, ಮತ್ತೆ ಇಳಿದರೆ ವಾಲ್ವಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿ.

ಬದಲಿಸುವಾಗ ಮೊದಲು ಮೇನ್ ಸ್ವಿಚ್ ತೆಗೆದು ಫ್ಯೂಜನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ತೆರೆದು ಮೀಟರಿನ ಮುಳ್ಳು ಸೊನ್ನೆಗೆ ಬರುವವರೆಗೆ ನೀರು ಬಿಡಿ. ಆಮೇಲೆ ವಾಲ್ವಿನ ಪಿನ್ ಒತ್ತಿ ಗಾಳಿಯನ್ನು ಪೂರ್ತಿ ಹೊರಗೆ ಬಿಡಬೇಕು. ಇದನ್ನು ಬಿಟ್ಟು ಮುಂದಿನ ಬಿಲ್ಲೆಯ ಬೋಲ್ಟುಗಳಿಗೆ ಸ್ಪಾನರ್ ಹಾಕಿದರೆ ಬಿಲ್ಲೆಯೇ ಗುಂಡಿನಂತೆ ಹಾರಿ ಮುಖಕ್ಕೆ ಬಡಿದೀತು. ಚೀಲ ಹರಿದ ಟ್ಯಾಂಕಿನೊಳಗೆ ನೀರು ತುಂಬಿ ಮೂವತ್ತು ಕೆ.ಜಿ.ಯ ಹತ್ತಿರ ತೂಗುವುದರಿಂದ, ಕೆಳಗೆ ಮರದ ತುಂಡು ಕೊಟ್ಟು ಇಳಿಸಿ.

ಚೀಲವನ್ನು ಹೊರಗೆಳೆದ ಮೇಲೆ ಟಾರ್ಚು ಬಿಟ್ಟು ಒಳಗೆ ನೋಡಿ. ತೆಳುವಾದ ತುಕ್ಕಾದರೆ ಒರೆಸಿ ಒಣಗಿಸಿ ಹೊಸ ಚೀಲ ಹಾಕಬಹುದು. ತುಕ್ಕು ಚಕ್ಕೆಯಾಗಿ ಏಳುತ್ತಿದ್ದರೆ ಇಡೀ ಟ್ಯಾಂಕನ್ನೇ ಬದಲಿಸಬೇಕು. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿ ಬಳಸುವವರಿದ್ದಾರೆ, ಅದು ಕೂಡದು. ಒತ್ತಡದ ಪಾತ್ರೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ. ಹೊಸ ಟ್ಯಾಂಕು ಕೊಳ್ಳುವಾಗ ತಗಡಿನ ಮೇಲೆ ಬರೆದ ಗರಿಷ್ಠ ಒತ್ತಡವು ಪಂಪು ಕೊಡಬಲ್ಲ ಒತ್ತಡಕ್ಕಿಂತ ಹೆಚ್ಚಿರಲಿ. ಬೋಲ್ಟುಗಳನ್ನು ಕಾರಿನ ಚಕ್ರಕ್ಕೆ ಬಿಗಿಯುವಂತೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ನೀರು ಬಿಡುವುದಕ್ಕೆ ಮುಂಚೆಯೇ ಗಾಳಿ ತುಂಬಿಸಬೇಕು. ಪಂಪು ಚಾಲೂ ಆಗುವ ಒತ್ತಡಕ್ಕಿಂತ 0.2 ಕೆ.ಜಿ. ಕಡಿಮೆ ಎಂಬುದು ಲೆಕ್ಕ. 1.5 ಕೆ.ಜಿ.ಗೆ ಚಾಲೂ ಆಗುವ ಪಂಪಿಗೆ 1.3 ಕೆ.ಜಿ., ಅಂದರೆ ಟಯರ್ ಅಂಗಡಿಯ ಭಾಷೆಯಲ್ಲಿ 18ರಿಂದ 19 ಪೌಂಡು. ಸೈಕಲ್ ಪಂಪೇ ಸಾಕು. ನೀರಿನ ಒತ್ತಡವಿರುವಾಗ ಅಳೆದರೆ ಸರಿಯಾದ ಅಂಕಿ ಸಿಗದು.

ಮಲೆನಾಡಿನಲ್ಲಿ ಒಂದು ಹೆಚ್ಚಿನ ತೊಡಕಿದೆ. ಬಾವಿ ತೋಟದ ತಗ್ಗಿನಲ್ಲಿ, ಮನೆ ದಿಬ್ಬದ ಮೇಲೆ. 10 ಮೀಟರ್ ಎತ್ತರಕ್ಕೆ 1 ಕೆ.ಜಿ. ಒತ್ತಡ ಬೇಕು. ಮನೆ ಪಂಪಿಗಿಂತ 15 ಮೀಟರ್ ಮೇಲಿದ್ದರೆ, ಸುಮ್ಮನೆ ನಿಂತ ನೀರಿನ ಭಾರವೇ ಪಂಪಿನ ಬಳಿ 1.5 ಕೆ.ಜಿ. ಆಯಿತು. ಸ್ವಿಚ್ಚನ್ನು 1.5ಕ್ಕೆ ಇಟ್ಟಿದ್ದರೆ ಮನೆಯ ನಲ್ಲಿ ಒಣಗಿದರೂ ಪಂಪು ಏಳುವುದಿಲ್ಲ. ಪಂಪು ಕೆಟ್ಟಿತೆಂದು ಮೆಕ್ಯಾನಿಕ್ಕನ್ನು ಕರೆಸುತ್ತೇವೆ. ಇಂತಹ ಕಡೆ 2.5ಕ್ಕೆ ಚಾಲೂ, 4ಕ್ಕೆ ಬಂದ್ ಎಂದಿಟ್ಟು ಗಾಳಿಯನ್ನು 2.3 ಕೆ.ಜಿ.ಗೆ ಏರಿಸಿದರೆ 7 ಲೀಟರಿನ ಹತ್ತಿರ ನೀರು ಸಿಗುತ್ತದೆ. ಗಾಳಿಯನ್ನು 1.5 ಕೆ.ಜಿ.ಯಲ್ಲೇ ಬಿಟ್ಟರೆ 5 ಲೀಟರ್ ಮಾತ್ರ. ಆದರೆ ಪಂಪು 40 ಮೀಟರಿಗಿಂತ ಹೆಚ್ಚು ಎತ್ತಬಲ್ಲದಾಗಿರಬೇಕು, ಇಲ್ಲವಾದರೆ 4 ಕೆ.ಜಿ. ಮುಟ್ಟಲಾರದೆ ರಾತ್ರಿಯೆಲ್ಲ ಓಡುತ್ತಲೇ ಇರುತ್ತದೆ. ತಂತಿ ಎಳೆಯಲು ಅನುಕೂಲವಿದ್ದವರು ಸ್ವಿಚ್ಚನ್ನೂ ಟ್ಯಾಂಕನ್ನೂ ಮನೆಯ ಬಳಿಯೇ ಕೂರಿಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಬೋರ್ಡೋ ಸಿಂಪಡಿಸುವ ಎಚ್‌ಟಿಪಿ ಪಂಪಿನ ತಲೆಯ ಮೇಲಿರುವ ಬುರುಡೆಯೂ ಇದೇ ಜಾತಿಯದು. ಮೂರು ಪಿಸ್ಟನ್ನುಗಳ ಬಡಿತವನ್ನು ಸಮ ಮಾಡುತ್ತದೆ. ಮೀಟರಿನ ಮುಳ್ಳು ನಡುಗಿ ಹೋಸು ಕುಣಿಯತೊಡಗಿದರೆ ಬುರುಡೆಯೊಳಗೆ ಗಾಳಿಯ ಬದಲು ದ್ರಾವಣ ತುಂಬಿದೆಯೆಂದು ತಿಳಿಯಿರಿ. ಚೀಲವಿಲ್ಲದ ಬುರುಡೆಯಾದರೆ ಇಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಬುರುಡೆ ಬಿಚ್ಚಿ ಬರಿದು ಮಾಡಿ ಮತ್ತೆ ಕೂರಿಸಿದರೆ ಗಾಳಿ ತಾನಾಗಿ ಸೇರುತ್ತದೆ. ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ ಪ್ರತಿ ಸಂಜೆ ಬರೀ ನೀರನ್ನು ಹತ್ತು ನಿಮಿಷ ಓಡಿಸಿ ತೊಳೆಯಬೇಕು. ಮಳೆಗಾಲಕ್ಕೆ ಮುಂಚಿನ ಮೊದಲ ಸಿಂಪಡಣೆಗೆ ಮರ ಹತ್ತುವವರು ಬರುವ ಹಿಂದಿನ ವಾರವೇ ಇದನ್ನು ನೋಡಿಟ್ಟುಕೊಳ್ಳಿ.