ಹೊಲಿಯದಿರುವಾಗ ಮಿಷಿನ್ ಆಫ್ ಮಾಡಬೇಕೇ?



“ಸಿಸ್ಟರ್, ಒಂದು ಬ್ಲೌಸ್ ಮುಗಿಸಿ ಇನ್ನೊಂದು ಹಿಡಿಯೋದ್ರೊಳಗೆ ಮಿಷಿನ್ ಆಫ್ ಮಾಡ್ಬೇಕಾ?” ಸಂಘದ ಸಭೆಗಳಲ್ಲಿ ನಮಗೆ ಎದುರಾಗುವ ಪ್ರಶ್ನೆ ಇದು. ಸಾಲ ಮಾಡಿ ಮಿಷಿನ್ ಕೊಂಡವರಿಗೆ ಕರೆಂಟ್ ಬಿಲ್ಲಿನ ಚಿಂತೆ ಇದ್ದದ್ದೇ. ಉತ್ತರ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ನಿಮ್ಮ ಮೋಟಾರು ಯಾವುದು ಎಂದು ಮೊದಲು ನೋಡಬೇಕು.

ಮನೆಯ ಮಿಷಿನ್‌ಗೆ ಜೋಡಿಸುವ ಚಿಕ್ಕ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಕಾಲು ತೆಗೆದರೆ ನಿಂತಿತು. ಆಮೇಲೆ ಉರಿಯುವುದು ಅದರ ದೀಪವೊಂದೇ. 15 ವ್ಯಾಟಿನ ದೀಪ ದಿನಕ್ಕೆ 10 ಗಂಟೆ ಉರಿದರೂ ಒಂದು ಯೂನಿಟ್ ಆಗಲು ಸುಮಾರು ಏಳು ದಿನ ಬೇಕು. ಬಿಲ್ಲಿನ ಮಟ್ಟಿಗೆ ಇಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗಾರ್ಮೆಂಟ್ಸ್‌ನಲ್ಲಿರುವಂಥ ಪವರ್ ಮಿಷಿನ್ ವಿಷಯ ಬೇರೆ. ಅದರ ಹಳೇ ಮಾದರಿಯ ಕ್ಲಚ್ ಮೋಟಾರು ಸ್ವಿಚ್ ಹಾಕಿದೊಡನೆ ಗುಂಯ್ ಎಂದು ಶುರುವಾಗಿ, ನೀವು ಹೊಲಿಯಿರಿ ಬಿಡಿ, ತಿರುಗುತ್ತಲೇ ಇರುತ್ತದೆ. ಇಂಥ ಮೋಟಾರು ಸಾಮಾನ್ಯವಾಗಿ 400 ವ್ಯಾಟಿನದು. ಖಾಲಿ ತಿರುಗುವಾಗ ಅಷ್ಟು ಎಳೆಯುವುದಿಲ್ಲ, ಅರ್ಧ ಎಂದೇ ಹಿಡಿಯೋಣ. ಬಟ್ಟೆ ಕತ್ತರಿಸುವುದು, ಅಳತೆ ತೆಗೆಯುವುದು, ನಡುವೆ ಅನ್ನಕ್ಕಿಡುವುದು, ಗಿರಾಕಿಗಳ ಜೊತೆ ಮಾತು (ಅದೇನು ಕಡಿಮೆಯೇ!) ಎಂದು ದಿನಕ್ಕೆ 3 ಗಂಟೆ ಖಾಲಿ ತಿರುಗಿದರೆ 25 ದಿನಕ್ಕೆ 15 ಯೂನಿಟ್ ಹೋಯಿತು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಿತಿಯ ಅಂಚಿನಲ್ಲಿರುವ ಮನೆಗೆ ಈ 15 ಯೂನಿಟ್ಟೇ ಸಾಕು. ಆದ್ದರಿಂದ ಕುರ್ಚಿ ಬಿಟ್ಟು ಏಳುವಾಗ ಆಫ್ ಮಾಡಿಯೇ ಏಳಿ. ದಾರ ಕತ್ತರಿಸಲು ಒಂದೆರಡು ನಿಮಿಷ ನಿಂತರೆ ಬೇಡ, ಪದೇ ಪದೇ ಸ್ಟಾರ್ಟ್ ಆಗುವುದು ಮೋಟಾರಿಗೂ ಒಳ್ಳೆಯದಲ್ಲ. ಹೊಸದಾಗಿ ಪವರ್ ಮಿಷಿನ್ ಕೊಳ್ಳುವವರು ಸರ್ವೋ ಮೋಟಾರು ಕೇಳಿ. ಅದು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ.

ದುಡ್ಡಿಗಿಂತ ನಾವು ಹೆಚ್ಚು ಹೆದರುವುದು ಬೆರಳಿಗೆ. ದಾರ ಪೋಣಿಸುವಾಗ, ಸೂಜಿ ಬದಲಿಸುವಾಗ, ಬಾಬಿನ್ ತೆಗೆಯುವಾಗ, ಎಣ್ಣೆ ಬಿಡುವಾಗ ಯಾವ ಮಿಷಿನ್ ಆದರೂ ಆಫ್ ಇರಲೇಬೇಕು. ಕ್ಲಚ್ ಮೋಟಾರು ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಆ ಹೊತ್ತಿನಲ್ಲಿ ಕಾಲು ಪೆಡಲ್‌ಗೆ ತಗುಲಿದರೆ ಸೂಜಿ ಇಳಿದೇ ಇಳಿಯುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಕೈ ಹಾಕಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಚಿಕ್ಕ ಮೋಟಾರಿನವರೂ ಏಳುವಾಗ ಪ್ಲಗ್ ಕೀಳಬೇಕು. ಪೆಡಲ್ ಮಗುವಿಗೆ ಆಟಿಕೆಯಂತೆ ಕಾಣುತ್ತದೆ. ಪೆಡಲ್ ಮೇಲೆ ಬಟ್ಟೆ ಗಂಟು ಇಟ್ಟು ಹೋಗುವವರೂ ಇದ್ದಾರೆ. ಆ ಭಾರಕ್ಕೆ ಪೆಡಲ್ ಅರೆಬರೆ ಒತ್ತಿಕೊಂಡರೆ ಮೋಟಾರು ತಿರುಗಲಾರದೆ ಬಿಸಿಯಾಗಿ ಸುಟ್ಟುಹೋಗಬಹುದು.

ಕರೆಂಟ್ ಹೋದಾಗಲೂ ಸ್ವಿಚ್ ತೆಗೆಯಿರಿ. ರಾತ್ರಿ, ಮತ್ತು ಗುಡುಗು ಸಿಡಿಲು ಶುರುವಾಗುವ ಮೊದಲೇ, ಪ್ಲಗ್ ಕಿತ್ತಿಡಿ. ವೈರ್ ಹಿಡಿದು ಎಳೆಯಬೇಡಿ.

ಮುಂದಿನ ಸಭೆಗೆ ಮಿಷಿನ್ ಇರುವವರು ಮೋಟಾರಿನ ಮೇಲಿನ ತಗಡಿನಲ್ಲಿ ಬರೆದಿರುವ ವ್ಯಾಟ್ ಎಷ್ಟೆಂದು ಬರೆದುಕೊಂಡು ಬನ್ನಿ. ಕಳೆದ ತಿಂಗಳ ಬಿಲ್ ಕೂಡ ತನ್ನಿ, ಕೂತು ಲೆಕ್ಕ ಹಾಕೋಣ.