ಹದಿಹರೆಯದವರ ಮಾದಕ ವ್ಯಸನ: ನೆರೆಹೊರೆಯ ಪ್ರಭಾವ ಮತ್ತು ಗ್ರಾಮ ಪಂಚಾಯತಿಯ ಹೊಣೆ



ಊರಿನ ಬಾಲಕನೊಬ್ಬ ಗುಟ್ಕಾ, ಸಿಗರೇಟು ಅಥವಾ ಮದ್ಯದ ಚಟಕ್ಕೆ ಬಿದ್ದನೆಂಬ ಸುದ್ದಿ ಬಂದಾಗ ‘ಅವನು ಯಾರ ಮಗ?’ ಎಂದು ಕೇಳುವುದು ವಾಡಿಕೆ. ಸಾರ್ವಜನಿಕ ಆರೋಗ್ಯದ ಸಂಶೋಧಕರು ಕೇಳುವ ಪ್ರಶ್ನೆ ಬೇರೆ: ಆ ವಸ್ತು ಅವನಿಗೆ ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಕಣ್ಣೆದುರು ದೊರೆಯಿತು? ಮೊದಲ ಪ್ರಶ್ನೆ ಒಂದು ಮನೆಯನ್ನು ದೂಷಿಸಿ ಮುಗಿಯುತ್ತದೆ. ಎರಡನೆಯದು ಇಡೀ ಊರನ್ನು ಹೊಣೆಯಾಗಿಸುತ್ತದೆ.

ಐಸ್‌ಲ್ಯಾಂಡಿನ ಅನುಭವ

1990ರ ದಶಕದಲ್ಲಿ ಐಸ್‌ಲ್ಯಾಂಡಿನ ಹದಿಹರೆಯದವರಲ್ಲಿ ಮದ್ಯಪಾನ ಮತ್ತು ಧೂಮಪಾನ ಅತಿಯಾಗಿದ್ದವು. ಸಮಾಜವಿಜ್ಞಾನಿ ಇಂಗಾ ಡೋರಾ ಸಿಗ್ಫುಸ್‌ಡೋಟ್ಟಿರ್ ಮತ್ತು ಸಂಗಡಿಗರು ಶಾಲಾ ಮಕ್ಕಳಿಂದ ಹೆಸರು ಬರೆಯದ ಪ್ರಶ್ನಾವಳಿಗಳನ್ನು ತುಂಬಿಸಿ ಅಧ್ಯಯನ ನಡೆಸಿದರು. ವ್ಯಸನದಿಂದ ದೂರವಿದ್ದ ಮಕ್ಕಳಲ್ಲಿ ನಾಲ್ಕು ಅಂಶಗಳು ಎದ್ದು ಕಂಡವು: ವಾರದಲ್ಲಿ ಹಲವು ಬಾರಿ ಮಾರ್ಗದರ್ಶನವಿರುವ ಆಟ ಅಥವಾ ಕಲಾಭ್ಯಾಸ, ತಂದೆತಾಯಿಯರೊಡನೆ ಕಳೆಯುವ ಸಮಯ, ಶಾಲೆಯಲ್ಲಿ ತಮ್ಮ ಬಗ್ಗೆ ಕಾಳಜಿಯಿದೆ ಎಂಬ ಭಾವ, ರಾತ್ರಿ ತಡವಾಗಿ ಹೊರಗೆ ಅಲೆಯದಿರುವುದು.

ಇದರ ಆಧಾರದ ಮೇಲೆ ಕ್ರೀಡೆ ಮತ್ತು ಕಲೆಗೆ ಅನುದಾನ ಹೆಚ್ಚಿತು. ಪಾಲಕರ ಸಂಘಗಳು ಬಲಗೊಂಡವು. ತಂಬಾಕು ಮಾರಾಟಕ್ಕೆ 18, ಮದ್ಯಕ್ಕೆ 20 ವರ್ಷದ ವಯೋಮಿತಿ ಜಾರಿಯಲ್ಲಿತ್ತು. 15–16 ವಯಸ್ಸಿನವರಲ್ಲಿ ಹಿಂದಿನ ತಿಂಗಳು ಮದ್ಯದ ಅಮಲಿಗೊಳಗಾದವರ ಪ್ರಮಾಣ 1998ರಲ್ಲಿ ಶೇ. 42 ಇದ್ದದ್ದು 2016ರಲ್ಲಿ ಶೇ. 5ಕ್ಕೆ ಇಳಿಯಿತು. ದಿನನಿತ್ಯ ಧೂಮಪಾನ ಶೇ. 23ರಿಂದ ಶೇ. 3ಕ್ಕೆ ಇಳಿಯಿತು. ಇಳಿಕೆಗೆ ಅನ್ಯ ಕಾರಣಗಳೂ ಇರಬಹುದು. ಆದರೂ ಸಮೀಕ್ಷೆಯ ಫಲಿತಾಂಶ ಆಯಾ ಶಾಲೆಗೆ, ಸ್ಥಳೀಯ ಸಂಸ್ಥೆಗೆ ಮರಳಿ ತಲುಪುತ್ತಿದ್ದ ಕ್ರಮ ನಮಗೆ ಮುಖ್ಯ ಪಾಠ.

ನಮ್ಮ ವ್ಯಾಪ್ತಿಯಲ್ಲಿ

ಆ ದೇಶದ ಅನುದಾನ ನಮ್ಮಲ್ಲಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ, ಕೂಲಿಗೆ ಹೋದ ತಂದೆತಾಯಿ ಮರಳುವವರೆಗಿನ ಸಂಜೆಯ ಹೊತ್ತು ನಮ್ಮಲ್ಲೂ ಖಾಲಿಯಾಗಿದೆ. ಆಟದ ಮೈದಾನ ಒತ್ತುವರಿಯಾಗಿ, ಗ್ರಂಥಾಲಯಕ್ಕೆ ಬೀಗ ಬಿದ್ದು, ಶಾಲೆಯ ಪಕ್ಕದ ಗೂಡಂಗಡಿ ಮಾತ್ರ ತೆರೆದಿದ್ದರೆ ಮಕ್ಕಳು ಎಲ್ಲಿ ಸೇರುವರೆಂಬುದನ್ನು ಊಹಿಸಬೇಕಾಗಿಲ್ಲ.

ಕಾನೂನು ನಮ್ಮ ಬೆಂಬಲಕ್ಕಿದೆ. ರಾಜ್ಯದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ಹಾಗೂ ಶಿಕ್ಷಣ ಸಂಸ್ಥೆಗಳ 100 ಮೀಟರ್ ಪರಿಧಿಯಲ್ಲಿ ತಂಬಾಕು ಮಾರುವಂತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಕಲಂ 77ರಂತೆ ಮಕ್ಕಳಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ನೀಡಿದವರಿಗೆ 7 ವರ್ಷಗಳವರೆಗೆ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಮುಂದಿನ ಸಾಮಾನ್ಯ ಸಭೆಗೆ

1. ಪ್ರತಿ ಸದಸ್ಯರು ತಮ್ಮ ವಾರ್ಡಿನ ಶಾಲೆಯಿಂದ 100 ಮೀಟರ್ ಅಳತೆ ಮಾಡಿಸಿ, ಒಳಗಿರುವ ಅಂಗಡಿಗಳ ಪಟ್ಟಿ ತರುವುದು.
2. ಗ್ರಂಥಾಲಯ ಮತ್ತು ಮೈದಾನ ಸಂಜೆ ಯಾರ ಉಸ್ತುವಾರಿಯಲ್ಲಿ ತೆರೆದಿರಬೇಕೆಂದು ನಿರ್ಣಯಿಸುವುದು. ಹೆಣ್ಣುಮಕ್ಕಳಿಗೂ ಅಲ್ಲಿ ಅವಕಾಶವಿರಬೇಕು.
3. ಮಕ್ಕಳ ಗ್ರಾಮ ಸಭೆಗೆ ಮುನ್ನ ಶಾಲೆಯಲ್ಲಿ ಪೆಟ್ಟಿಗೆಯಿಟ್ಟು, ಹೆಸರಿಲ್ಲದ ಚೀಟಿಗಳಲ್ಲಿ ಮಕ್ಕಳ ಅನಿಸಿಕೆ ಪಡೆಯುವುದು.

ಒಂದು ಎಚ್ಚರಿಕೆ ಅಗತ್ಯ. ಯಾವುದೇ ಮಗುವಿನ ಹೆಸರು ಸಭೆಯಲ್ಲಾಗಲಿ, ನಡಾವಳಿಯಲ್ಲಾಗಲಿ ಬರಕೂಡದು. ಊರೆದುರು ಅವಮಾನಗೊಂಡ ಮಗು ಚಟವನ್ನು ಬಿಡುವ ಬದಲು ಶಾಲೆಯನ್ನೇ ಬಿಟ್ಟೀತು. ನೆರವು ಬೇಕಾದ ಕುಟುಂಬಕ್ಕೆ ಮಕ್ಕಳ ಸಹಾಯವಾಣಿ 1098 ಹಾಗೂ ವ್ಯಸನಮುಕ್ತಿ ಸಹಾಯವಾಣಿ 14446 ಸಂಖ್ಯೆಗಳನ್ನು ಖಾಸಗಿಯಾಗಿ ತಿಳಿಸತಕ್ಕದ್ದು.